ಮಲ್ಟಿಪಲ್ ಸ್ಕ್ಲೆರೋಸಿಸ್: ವಿಶ್ರಾಂತಿಯ ಸಲಹೆ ಬದಲಾದ ಬಗೆ, ಕುಳಿತಿರುವ ಹೊತ್ತಿನ ಲೆಕ್ಕ

ಮಲ್ಟಿಪಲ್ ಸ್ಕ್ಲೆರೋಸಿಸ್, ಸಂಕ್ಷೇಪವಾಗಿ ಎಂ.ಎಸ್., ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳನ್ನು ಬಾಧಿಸುವ ದೀರ್ಘಕಾಲದ ರೋಗ. ಸೋಂಕುಗಳಿಂದ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಇಲ್ಲಿ ನರತಂತುಗಳನ್ನು ಸುತ್ತಿಕೊಂಡಿರುವ ಮಯಲಿನ್ ಎಂಬ ಹೊದಿಕೆಯ ಮೇಲೆ ತಿರುಗಿ ಬೀಳುತ್ತದೆ. ಹೊದಿಕೆ ಸುಲಿದುಹೋದ ವಿದ್ಯುತ್ ತಂತಿಯಲ್ಲಿ ಆಗುವಂತೆ ನರಗಳ ಸಂದೇಶ ನಿಧಾನವಾಗುತ್ತದೆ, ಕೆಲವೆಡೆ ನಿಂತೇ ಹೋಗುತ್ತದೆ. ಕಣ್ಣು ಮಸುಕಾಗುವುದು, ಕೈಕಾಲು ಜೋಮು ಹಿಡಿಯುವುದು, ನಡಿಗೆ ತೂರಾಡುವುದು, ಮೂತ್ರ ತಡೆಯಲಾಗದಿರುವುದು, ಮಾಡಿದ ಕೆಲಸಕ್ಕೆ ತಾಳೆಯಾಗದಷ್ಟು ದಣಿವು, ಇವೆಲ್ಲ ಇದರ ಲಕ್ಷಣಗಳು. ಹಾನಿ ನರಮಂಡಲದ ಯಾವ ಭಾಗದಲ್ಲಿ ಆಗಿದೆಯೋ ಅದಕ್ಕೆ ತಕ್ಕಂತೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. 1868ರಲ್ಲಿ ಪ್ಯಾರಿಸ್ಸಿನ ವೈದ್ಯ ಜೀನ್ ಮಾರ್ಟಿನ್ ಷಾರ್ಕೋ ಇದನ್ನು ಒಂದು ಪ್ರತ್ಯೇಕ ರೋಗವೆಂದು ಖಚಿತವಾಗಿ ವಿವರಿಸಿದರು.

ಹೆಚ್ಚಿನವರಲ್ಲಿ ರೋಗವು 20ರಿಂದ 40 ವರ್ಷಗಳ ನಡುವೆ, ಅಂದರೆ ದುಡಿಯುವ ಹಾಗೂ ಮಕ್ಕಳನ್ನು ಬೆಳೆಸುವ ಪ್ರಾಯದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಕನಿಷ್ಠ ಎರಡು ಪಟ್ಟು ಹೆಚ್ಚು. ಸುಮಾರು 85 ಶೇಕಡಾ ಮಂದಿಯಲ್ಲಿ ಅದು ಉಲ್ಬಣಿಸಿ, ತಗ್ಗಿ, ಮತ್ತೆ ಮರುಕಳಿಸುವ ಸ್ವರೂಪದಲ್ಲಿ ಆರಂಭವಾಗುತ್ತದೆ. ಉಳಿದವರಲ್ಲಿ ಮೊದಲಿನಿಂದಲೇ ನಿಧಾನವಾಗಿ ಏರುತ್ತ ಹೋಗುತ್ತದೆ. 2020ರ ಅಂತಾರಾಷ್ಟ್ರೀಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 28 ಲಕ್ಷ ಮಂದಿ ಈ ರೋಗದೊಡನೆ ಬದುಕುತ್ತಿದ್ದರು.

ಇದು ಬಿಳಿಯರ, ಶೀತದೇಶಗಳ ರೋಗ, ನಮ್ಮಲ್ಲಿ ಇಲ್ಲವೆನ್ನುವಷ್ಟು ವಿರಳ ಎಂಬ ಮಾತು ಬಹುಕಾಲ ನಡೆದಿತ್ತು. ಎಂ.ಆರ್.ಐ. ಯಂತ್ರಗಳೂ ನರರೋಗ ತಜ್ಞರೂ ಹೆಚ್ಚಿದಂತೆ ಆ ಮಾತು ಬಲ ಕಳೆದುಕೊಂಡಿತು. ಡಾ. ಲೇಖಾ ಪಂಡಿತ್ ಮತ್ತು ಸಹೋದ್ಯೋಗಿ ಮಂಗಳೂರು ನಗರದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಲಕ್ಷ ಜನರಲ್ಲಿ 8ಕ್ಕೂ ಸ್ವಲ್ಪ ಹೆಚ್ಚು ಮಂದಿಗೆ ಈ ರೋಗವಿರುವುದನ್ನು ತೋರಿಸಿತು. ಯುರೋಪಿನ ಪ್ರಮಾಣಕ್ಕೆ ಹೋಲಿಸಿದರೆ ಇದು ಕಡಿಮೆಯೇ. ಆದರೆ 2011ರ ಜನಗಣತಿಯಂತೆ 13 ಲಕ್ಷ ಜನರಿರುವ ಕಾಸರಗೋಡು ಜಿಲ್ಲೆಗೆ ಅದೇ ಪ್ರಮಾಣವನ್ನು ಅನ್ವಯಿಸಿ ನೋಡಿದರೆ ನೂರರ ಆಸುಪಾಸಿನ ಸಂಖ್ಯೆ ದೊರೆಯುತ್ತದೆ. ಇದು ಕಾಗದದ ಮೇಲಿನ ಲೆಕ್ಕವೇ ಹೊರತು ಮನೆ ಮನೆಗೆ ಹೋಗಿ ಎಣಿಸಿದ್ದಲ್ಲ. ಆದರೂ ದೊಡ್ಡ ಕಾಯಿಲೆಗೆಲ್ಲ ಮಂಗಳೂರಿನ ಬಸ್ಸು ಹತ್ತುವ ನಮ್ಮವರಿಗೆ ಆ ನಗರದ ಅಂಕಿ ಪರದೇಶದ ಅಂಕಿಯಲ್ಲ.

ಈ ಲೇಖನದ ವಿಷಯ ಔಷಧಗಳಲ್ಲ. ಎಂ.ಎಸ್. ಇರುವವರು ದಿನದಲ್ಲಿ ಎಷ್ಟು ಹೊತ್ತು ಚಲಿಸುತ್ತಾರೆ, ಎಷ್ಟು ಹೊತ್ತು ಕುಳಿತಿರುತ್ತಾರೆ, ಅದರಿಂದ ಆಗುವುದೇನು ಎಂಬುದು. ನಾನು ವೈದ್ಯನಲ್ಲ, ಶಾಲಾ ಶಿಕ್ಷಕ. ಈ ವಿಷಯವನ್ನು ಓದಲು ಕಾರಣವಾದದ್ದು ನನ್ನ ತರಗತಿಯ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ಹಿಂದೆ ಮಡಚಿ ತಂದಿದ್ದ ಒಂದು ಹಾಳೆ. ಅವನ ತಾಯಿಗೆ ಈ ರೋಗವೆಂದು ಗೊತ್ತಾಗಿ ಆಗ ಒಂದು ವರ್ಷವಾಗಿತ್ತು. ಆಸ್ಪತ್ರೆಯಲ್ಲಿ ಕೊಟ್ಟ ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿತ್ತು. ಬಾಯಲ್ಲಿ ಹೇಳಿದ್ದು ಮಲಯಾಳದಲ್ಲಿ. ಆಕೆ ಓದಿದ್ದು ಏಳನೆಯ ತರಗತಿಯವರೆಗೆ, ಕನ್ನಡದಲ್ಲಿ. ಮನೆಯವರಿಗೆ ಆ ಹಾಳೆಯಲ್ಲಿ ಅರ್ಥವಾದ ಪದ ಒಂದೇ: ರೆಸ್ಟ್. ಅದು ಎರಡು ಸುತ್ತಿನ ವ್ಯಾಯಾಮದ ನಡುವೆ ಒಂದೆರಡು ನಿಮಿಷ ದಣಿವಾರಿಸಿಕೊಳ್ಳುವ ಸೂಚನೆಯಾಗಿತ್ತು. ಮನೆಯಲ್ಲಿ ಅದನ್ನು ಇಡೀ ದಿನದ ವಿಧಿಯಾಗಿ ಪಾಲಿಸಲಾಗುತ್ತಿತ್ತು. ನೀರು ಸೇದುವುದು, ಅಂಗಳ ಗುಡಿಸುವುದು, ಅಡುಗೆ ಎಲ್ಲವನ್ನೂ ಅತ್ತೆ ವಹಿಸಿಕೊಂಡಿದ್ದರು. “ನೀನು ಏಳುವುದು ಬೇಡ ಮಗಾ, ಕೂತಲ್ಲೇ ಇರು” ಎನ್ನುತ್ತಿದ್ದರಂತೆ. ಸೊಸೆಗೆ ಉಳಿದ ಕೆಲಸ ಬೀಡಿ ಕಟ್ಟುವುದು ಮಾತ್ರ, ಏಕೆಂದರೆ ಅದು ಕುಳಿತು ಮಾಡುವ ಕೆಲಸ. ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಜಗಲಿಯಲ್ಲಿ. ಆ ಅತ್ತೆಯ ಪ್ರೀತಿಯಲ್ಲಿ ಕೊರತೆ ಹುಡುಕುವುದು ಅನ್ಯಾಯ. ಅವರು ಮಾಡಿದ್ದನ್ನೇ ಜಗತ್ತಿನ ನರರೋಗ ವೈದ್ಯರು ನೂರು ವರ್ಷ ಕಾಲ ಮಾಡಿದ್ದರು.

ವಿಶ್ರಾಂತಿ ಔಷಧವಾಗಿದ್ದ ಕಾಲ

1890ರಲ್ಲಿ ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹೋಫ್ ನೂರು ಮಂದಿ ಎಂ.ಎಸ್. ರೋಗಿಗಳ ಕಣ್ಣುಗಳನ್ನು ಪರೀಕ್ಷಿಸಿ ವರದಿ ಬರೆದರು. ಅವರಲ್ಲಿ ಕೆಲವರಿಗೆ ನಡೆದಾಡಿ ದಣಿದ ಬಳಿಕ ದೃಷ್ಟಿ ಮಂದವಾಗಿ, ಸ್ವಲ್ಪ ಹೊತ್ತಿನ ಅನಂತರ ಮೊದಲಿನಂತಾಗುತ್ತಿತ್ತು. ಶ್ರಮವೇ ಇದಕ್ಕೆ ಕಾರಣವೆಂದು ಅವರು ಭಾವಿಸಿದರು. ನಿಜವಾದ ಕಾರಣ ಶ್ರಮವಲ್ಲ, ಶ್ರಮದಿಂದ ಏರಿದ ದೇಹದ ಉಷ್ಣತೆ ಎಂಬುದು ಮುಂದೆ ಸ್ಪಷ್ಟವಾಯಿತು. ಮಯಲಿನ್ ಕಳೆದುಕೊಂಡ ನರತಂತುವಿಗೆ ಸಂದೇಶ ಸಾಗಿಸುವ ಶಕ್ತಿ ಅಂಚಿನಲ್ಲಿರುತ್ತದೆ. ದೇಹದೊಳಗಿನ ಉಷ್ಣತೆ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಆ ಶಕ್ತಿ ತಾತ್ಕಾಲಿಕವಾಗಿ ಕುಸಿಯಬಹುದು. ದೇಹ ತಣಿದಾಗ ಅದು ಮರಳುತ್ತದೆ. ಹೊಸ ಹಾನಿ ಏನೂ ಆಗಿರುವುದಿಲ್ಲ. ಎಂ.ಆರ್.ಐ. ಬರುವ ಮೊದಲು ಶಂಕಿತ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಲಕ್ಷಣ ಹೆಚ್ಚುವುದೇ ಎಂದು ನೋಡಿ ರೋಗ ನಿರ್ಣಯಿಸುವ ಪದ್ಧತಿಯೂ ಇತ್ತು.

ತಾತ್ಕಾಲಿಕವಾದದ್ದನ್ನು ಶಾಶ್ವತವೆಂದು ಬಗೆದದ್ದರಿಂದ ಸಲಹೆಯೂ ಹಾಗೆಯೇ ಬಂತು: ದಣಿಯಬೇಡಿ, ಬೆವರಬೇಡಿ, ಶಕ್ತಿಯನ್ನು ಉಳಿಸಿಕೊಳ್ಳಿ. ವ್ಯಾಯಾಮ ಮಾಡಿದರೆ ರೋಗ ಮರುಕಳಿಸುತ್ತದೆಂಬ ಭೀತಿ ವೈದ್ಯರಲ್ಲಿಯೇ ಇತ್ತು.

ಈ ಸಲಹೆ ಪಡೆದವರಲ್ಲಿ ಜಿಮ್ಮಿ ಹ್ಯೂಗಾ ಒಬ್ಬರು. ಅಮೆರಿಕದ ಕ್ಯಾಲಿಫೋರ್ನಿಯಾದ ಹಿಮಜಾರು ಕ್ರೀಡಾಪಟು. 1964ರ ಇನ್ಸ್‌ಬ್ರುಕ್ ಚಳಿಗಾಲದ ಒಲಿಂಪಿಕ್ಸ್‌ನ ಸ್ಲಾಲಮ್ ಸ್ಪರ್ಧೆಯಲ್ಲಿ ಕಂಚು ಗೆದ್ದವರು. ಬೆಳ್ಳಿ ಗೆದ್ದ ಬಿಲ್ಲಿ ಕಿಡ್ ಅವರೊಡನೆ ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಒಲಿಂಪಿಕ್ ಪದಕ ಪಡೆದ ಮೊದಲ ಅಮೆರಿಕನ್ ಪುರುಷರು ಇವರಿಬ್ಬರು. 1970ರಲ್ಲಿ, 26ರ ಪ್ರಾಯದಲ್ಲಿ, ಹ್ಯೂಗಾ ಅವರಿಗೆ ಎಂ.ಎಸ್. ಇರುವುದು ನಿಶ್ಚಯವಾಯಿತು. ಶ್ರಮದ ಕೆಲಸವನ್ನೆಲ್ಲ ಬಿಡುವಂತೆ ವೈದ್ಯರು ಹೇಳಿದರು. ಅವರು ಕೆಲವು ವರ್ಷ ಹಾಗೆಯೇ ಇದ್ದರು. ರೋಗಕ್ಕಿಂತ ಹೆಚ್ಚಾಗಿ ಸುಮ್ಮನಿರುವಿಕೆಯೇ ತಮ್ಮ ದೇಹವನ್ನೂ ಮನಸ್ಸನ್ನೂ ಕುಗ್ಗಿಸುತ್ತಿದೆಯೆಂದು ಅನ್ನಿಸಿದಾಗ ಸಲಹೆಯನ್ನು ಮೀರಿ, ತಾವೇ ರೂಪಿಸಿಕೊಂಡ ಕ್ರಮದಲ್ಲಿ ವ್ಯಾಯಾಮ ಆರಂಭಿಸಿದರು. 1984ರಲ್ಲಿ ಕೊಲರಾಡೋದಲ್ಲಿ ಎಂ.ಎಸ್. ಇರುವವರಿಗಾಗಿ ಒಂದು ಕೇಂದ್ರವನ್ನೇ ಸ್ಥಾಪಿಸಿದರು. ಅವರ ಕಥೆಯನ್ನು ಪವಾಡವೆಂದು ಹೇಳುವವರಿದ್ದಾರೆ, ಹಾಗೆ ಹೇಳಬಾರದು. ರೋಗ ಮುಂದುವರಿಯಿತು, ಕೊನೆಯ ವರ್ಷಗಳಲ್ಲಿ ಅವರು ಗಾಲಿಕುರ್ಚಿಯಲ್ಲಿದ್ದರು, 2010ರಲ್ಲಿ 66ನೆಯ ವಯಸ್ಸಿನಲ್ಲಿ ನಿಧನರಾದರು. ವ್ಯಾಯಾಮ ಅವರ ರೋಗವನ್ನು ವಾಸಿಮಾಡಲಿಲ್ಲ. ರೋಗವಿದ್ದ ನಾಲ್ಕು ದಶಕಗಳನ್ನು ಹೇಗೆ ಕಳೆಯಬಹುದೆಂಬುದನ್ನು ಬದಲಾಯಿಸಿತು.

ಒಬ್ಬ ಕ್ರೀಡಾಪಟುವಿನ ಅನುಭವ ಎಲ್ಲರಿಗೂ ಪ್ರಮಾಣವಾಗದು. ಆ ಪ್ರಮಾಣ ದೊರೆತದ್ದು 1996ರಲ್ಲಿ. ಯೂಟಾ ವಿಶ್ವವಿದ್ಯಾನಿಲಯದ ಜ್ಯಾಕ್ ಪೆಟಜಾನ್ ಮತ್ತು ಸಂಗಡಿಗರು 54 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ 15 ವಾರಗಳ ಕಾಲ ವಾರಕ್ಕೆ ಮೂರು ಬಾರಿ ಕೈಕಾಲುಗಳೆರಡಕ್ಕೂ ಕೆಲಸ ಕೊಡುವ ಸೈಕಲ್ ವ್ಯಾಯಾಮ ಮಾಡಿಸಿದರು. ವ್ಯಾಯಾಮ ಮಾಡಿದವರ ದೇಹ ಆಮ್ಲಜನಕವನ್ನು ಬಳಸುವ ಗರಿಷ್ಠ ಸಾಮರ್ಥ್ಯ 22 ಶೇಕಡಾ ಏರಿತು, ಸ್ನಾಯುಬಲ ಹೆಚ್ಚಿತು. ರೋಗ ಉಲ್ಬಣಿಸಲಿಲ್ಲ. ನೂರು ವರ್ಷಗಳ ಭೀತಿಗೆ ಇದು ಮೊದಲ ಗಟ್ಟಿ ಉತ್ತರ.

ಅಲ್ಲಿಂದೀಚೆಗೆ ಪರೀಕ್ಷೆಗಳು ಒಂದರ ಹಿಂದೆ ಒಂದು ಬಂದವು. 2014ರಲ್ಲಿ 26 ಪರೀಕ್ಷೆಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದಾಗ, ರೋಗ ಮರುಕಳಿಸಿದ ಪ್ರಮಾಣ ವ್ಯಾಯಾಮ ಮಾಡದ ಗುಂಪಿನಲ್ಲಿ 6.3 ಶೇಕಡಾ, ಮಾಡಿದ ಗುಂಪಿನಲ್ಲಿ 4.6 ಶೇಕಡಾ. ಈ ಅಂತರದಿಂದ ವ್ಯಾಯಾಮ ಮರುಕಳಿಕೆಯನ್ನು ತಡೆಯುತ್ತದೆಂದು ಹೇಳಲಾಗದು. ಅದನ್ನು ತರುವುದಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ದಣಿವಿನ ಸುಳಿ

ಎಂ.ಎಸ್. ಇರುವವರಲ್ಲಿ ಸುಮಾರು 80 ಶೇಕಡಾ ಮಂದಿ ದಣಿವನ್ನು ಹೇಳುತ್ತಾರೆ. ಅನೇಕರಿಗೆ ಅದೇ ಅತಿ ದೊಡ್ಡ ತೊಂದರೆ. ಹೊರಗಿನವರಿಗೆ ಇದು ಕಾಣುವುದಿಲ್ಲ. ಗಟ್ಟಿಮುಟ್ಟಾಗಿ ಕಾಣುವ ಹೆಂಗಸು ಮಧ್ಯಾಹ್ನ ಎರಡು ಗಂಟೆಗೆ ಕೈಯಲ್ಲಿದ್ದ ಚಮಚವನ್ನು ಎತ್ತಲಾರದಂತಾದರೆ ಸೋಮಾರಿತನವೆಂದು ಸುಲಭವಾಗಿ ಹೇಳಿಬಿಡುತ್ತಾರೆ. ನನ್ನ ಪರಿಚಯದ ಮನೆಗಳಲ್ಲಿಯೂ ಆ ಮಾತು ಕೇಳಿದ್ದೇನೆ.

ಈ ದಣಿವಿಗೆ ಎರಡು ಮೂಲಗಳಿವೆ. ಒಂದು ರೋಗದ್ದೇ: ಹಾನಿಗೊಂಡ ನರಮಾರ್ಗದಲ್ಲಿ ಅದೇ ಕೆಲಸ ನಡೆಸಲು ಮೆದುಳು ಹೆಚ್ಚು ಶ್ರಮಪಡಬೇಕಾಗುತ್ತದೆ. ಇನ್ನೊಂದು ಬಳಸದ ದೇಹದ್ದು. ದಣಿವೆಂದು ಕುಳಿತವರ ಸ್ನಾಯು ವಾರಗಳಲ್ಲಿ ಕೃಶವಾಗುತ್ತದೆ, ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯ ಇಳಿಯುತ್ತದೆ. ಆಗ ನಿನ್ನೆ ಸುಲಭವಾಗಿದ್ದ ಬಾವಿಕಟ್ಟೆಯ ದಾರಿ ಇಂದು ದೂರವೆನಿಸುತ್ತದೆ. ದೂರವೆನಿಸಿದ್ದರಿಂದ ಮತ್ತಷ್ಟು ಕುಳಿತಿರುತ್ತಾರೆ. ಮೊದಲನೆಯ ಮೂಲದ ಮೇಲೆ ನಮ್ಮ ಹಿಡಿತ ಕಡಿಮೆ. ಎರಡನೆಯದನ್ನು ಹಿಂದಿರುಗಿಸಬಹುದು. 2015ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ 2,250 ಮಂದಿ ಭಾಗವಹಿಸಿದ 45 ಪರೀಕ್ಷೆಗಳನ್ನು ಪರಿಶೀಲಿಸಿ, ವ್ಯಾಯಾಮದಿಂದ ದಣಿವು ಮಧ್ಯಮ ಪ್ರಮಾಣದಲ್ಲಿ ತಗ್ಗುತ್ತದೆಂದು ಕಂಡಿತು. ದಣಿದವರಿಗೆ ವ್ಯಾಯಾಮ ಹೇಳುವುದು ಕ್ರೂರವೆಂದು ತೋರಬಹುದು, ಆದರೆ ದಣಿವಿಗೆ ನಮ್ಮ ಕೈಯಲ್ಲಿರುವ ಒಳ್ಳೆಯ ಉಪಾಯಗಳಲ್ಲಿ ಅದೂ ಒಂದು.

ಎಲ್ಲ ಪರೀಕ್ಷೆಗಳೂ ಬಯಸಿದ ಉತ್ತರ ಕೊಟ್ಟಿಲ್ಲ ಎಂಬುದನ್ನೂ ಹೇಳಬೇಕು. ನಿಧಾನವಾಗಿ ಏರುವ ಬಗೆಯ ಎಂ.ಎಸ್. ಇದ್ದ 311 ಮಂದಿಯ ಮೇಲೆ ಆರು ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ, 12 ವಾರಗಳ ಏರೋಬಿಕ್ ವ್ಯಾಯಾಮ ಹಾಗೂ ಬೌದ್ಧಿಕ ತರಬೇತಿಗಳನ್ನು ಒಟ್ಟಿಗೆ ಕೊಟ್ಟರೂ ಮೆದುಳು ಮಾಹಿತಿಯನ್ನು ಗ್ರಹಿಸುವ ವೇಗದಲ್ಲಿ ಉಳಿದ ಗುಂಪುಗಳಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ಯಾರಾದರೂ ವ್ಯಾಯಾಮ, ಯೋಗ ಅಥವಾ ಮತ್ತಾವುದೋ ಕ್ರಮದಿಂದ ಎಂ.ಎಸ್. ಗುಣವಾಗುತ್ತದೆ, ಔಷಧ ನಿಲ್ಲಿಸಿ ಎಂದರೆ ಅವರನ್ನು ನಂಬಬಾರದು. ರೋಗದ ಗತಿಯನ್ನು ನಿಧಾನಿಸುವ ಔಷಧಗಳು 1993ರಿಂದ ಬಂದಿವೆ. ವ್ಯಾಯಾಮ ಅವುಗಳ ಬದಲಿಯಲ್ಲ.

ಕುಳಿತಿರುವುದು ಬೇರೆಯೇ ಲೆಕ್ಕ

ವ್ಯಾಯಾಮ ಮಾಡದಿರುವುದು ಮತ್ತು ಬಹಳ ಹೊತ್ತು ಕುಳಿತಿರುವುದು ಒಂದೇ ಎಂದು ನಾವು ಭಾವಿಸುತ್ತೇವೆ. ಸಂಶೋಧಕರು ಇವೆರಡನ್ನು ಬೇರೆ ಬೇರೆಯಾಗಿ ಅಳೆಯುತ್ತಾರೆ. ಎಚ್ಚರವಿರುವಾಗ ಕುಳಿತು, ಒರಗಿ ಅಥವಾ ಮಲಗಿ, ಸುಮ್ಮನಿರುವಾಗಿನ ಶಕ್ತಿವ್ಯಯದ ಒಂದೂವರೆ ಪಟ್ಟನ್ನು ಮೀರದ ಸ್ಥಿತಿಯಲ್ಲಿರುವುದಕ್ಕೆ ಜಡವರ್ತನೆ ಎಂದು ಹೆಸರು. ಬೆಳಿಗ್ಗೆ ಅರ್ಧ ಗಂಟೆ ನಡೆದು ಉಳಿದ ಹತ್ತು ಗಂಟೆ ಟಿ.ವಿ. ಎದುರು ಕುಳಿತವರು ವ್ಯಾಯಾಮವನ್ನೂ ಮಾಡಿದವರು, ಜಡರೂ ಹೌದು. ವ್ಯಾಯಾಮವನ್ನೇ ಮಾಡದೆ ದಿನವಿಡೀ ತೋಟದಲ್ಲಿ ಅಡಿಕೆ ಹೆಕ್ಕುತ್ತ ಓಡಾಡುವ ಅಜ್ಜಿ ಜಡರಲ್ಲ.

ಎಂ.ಎಸ್. ಇರುವವರ ಚಲನವಲನವನ್ನು ಈ ದೃಷ್ಟಿಯಿಂದ ಅಳೆದವರಲ್ಲಿ ಅಮೆರಿಕದ ಇಲಿನಾಯ್ಸ್‌ನ ಸಂಶೋಧಕ ರಾಬರ್ಟ್ ಮೋಟಲ್ ಪ್ರಮುಖರು. ಸೊಂಟಕ್ಕೆ ಕಟ್ಟುವ ಸಣ್ಣ ಚಲನಮಾಪಕಗಳಿಂದ ನಡೆದ ಇಂಥ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇದು: ಎಂ.ಎಸ್. ಇರುವವರು ಆರೋಗ್ಯವಂತರಿಗಿಂತ ಕಡಿಮೆ ನಡೆಯುತ್ತಾರೆ, ಎಚ್ಚರವಿರುವ ಹೊತ್ತಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕುಳಿತು ಕಳೆಯುತ್ತಾರೆ, ನಡಿಗೆಯ ತೊಂದರೆ ಹೆಚ್ಚಿದಷ್ಟೂ ಏಳದೆ ಕುಳಿತಿರುವ ಅವಧಿ ಉದ್ದವಾಗುತ್ತ ಹೋಗುತ್ತದೆ. ಕೊನೆಯ ಅಂಶವೇ ಗಮನಿಸಬೇಕಾದದ್ದು. ಎಂಟು ಗಂಟೆಯನ್ನು ಅರ್ಧರ್ಧ ಗಂಟೆಯ ತುಂಡುಗಳಾಗಿ ಕುಳಿತಿರುವುದಕ್ಕೂ ಮೂರು ಮೂರು ಗಂಟೆ ಅಲುಗದೆ ಕುಳಿತಿರುವುದಕ್ಕೂ ವ್ಯತ್ಯಾಸವಿದೆ.

ಇದರ ಅಪಾಯ ಸ್ನಾಯುಗಳಲ್ಲಿ ಮುಗಿಯುವುದಿಲ್ಲ. ದೀರ್ಘಕಾಲದ ಜಡತೆ ರಕ್ತದೊತ್ತಡ, ಮಧುಮೇಹ, ಬೊಜ್ಜು, ಹೃದ್ರೋಗಗಳಿಗೆ ದಾರಿಯಾಗುತ್ತದೆ. ಎಂ.ಎಸ್. ಇರುವವರಿಗೆ ಇವು ಬಂದರೆ ಏನಾಗುತ್ತದೆಂಬುದಕ್ಕೆ 2010ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ರೋಗಿ ನೋಂದಣಿಯ ಅಧ್ಯಯನ ಒಂದು ಅಳತೆ ಕೊಡುತ್ತದೆ. ರೋಗ ಪತ್ತೆಯಾದಾಗ ಇಂಥ ರಕ್ತನಾಳ ಸಂಬಂಧಿ ಕಾಯಿಲೆಗಳು ಇಲ್ಲದಿದ್ದವರಿಗೆ ನಡೆಯಲು ಆಸರೆ ಬೇಕಾಗುವ ಮಟ್ಟ ತಲಪಲು ಮಧ್ಯಾಂಕದ ಲೆಕ್ಕದಲ್ಲಿ 18.8 ವರ್ಷ, ಒಂದಾದರೂ ಇದ್ದವರಿಗೆ 12.8 ವರ್ಷ. ಆರು ವರ್ಷಗಳ ಅಂತರ. ಸಕ್ಕರೆ ಕಾಯಿಲೆ ಮನೆಮಾತಾಗಿರುವ ನಮ್ಮ ಊರುಗಳಲ್ಲಿ ಈ ಆರು ವರ್ಷಗಳನ್ನು ಹಗುರವಾಗಿ ನೋಡುವಂತಿಲ್ಲ.

ಬೀಡಿ ಕಟ್ಟುವ ಮಹಿಳೆಯರ ಪ್ರಶ್ನೆ ಇಲ್ಲಿಯೇ ಬರುತ್ತದೆ. ಕಾಸರಗೋಡಿನಿಂದ ಸೊಲ್ಲಾಪುರದವರೆಗೆ ಗಡಿನಾಡಿನ ಎಷ್ಟೋ ಮನೆಗಳಲ್ಲಿ ಅದು ನಗದು ತರುವ ಕೆಲಸ. ಸಾವಿರದ ಲೆಕ್ಕದಲ್ಲಿ ಕೂಲಿ ಸಿಗುವವರಿಗೆ ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ ಎಂದು ಹೇಳುವುದು ಸುಲಭ, ಪಾಲಿಸುವುದು ಸುಲಭವಲ್ಲ. ಮಾರ್ಗಸೂಚಿ ಬರೆದವರು ಕಚೇರಿಯ ಕುರ್ಚಿಯನ್ನು ಕಣ್ಣೆದುರು ಇಟ್ಟುಕೊಂಡು ಬರೆದಿದ್ದಾರೆ. ಚಕ್ಕಳಮಕ್ಕಳ ಹಾಕಿ ನೆಲದಲ್ಲಿ ಕುಳಿತವರು ಏಳಬೇಕಾದರೆ ಮಂಡಿಗೂ ಸಮತೋಲನಕ್ಕೂ ಬೀಳುವ ಹೊರೆ ಅವರ ಲೆಕ್ಕದಲ್ಲಿ ಇಲ್ಲ. ನನ್ನ ವಿದ್ಯಾರ್ಥಿಯ ಮನೆಯಲ್ಲಿ ಕಂಡುಕೊಂಡ ಉಪಾಯವೆಂದರೆ ನೆಲದಿಂದ ಒಂದು ಗಟ್ಟಿ ಬೆಂಚಿಗೆ ಏರಿದ್ದು, ಮತ್ತು ಎಲೆ, ಹೊಗೆಸೊಪ್ಪು, ನೀರಿನ ಚೆಂಬು ಮೂರನ್ನೂ ಕೈಗೆಟುಕದಷ್ಟು ದೂರದಲ್ಲಿ, ಜಗಲಿಯ ಇನ್ನೊಂದು ತುದಿಯಲ್ಲಿ ಇಟ್ಟದ್ದು. ಮುಗಿದಾಗಲೆಲ್ಲ ಏಳಲೇಬೇಕು.

ಎಷ್ಟು, ಹೇಗೆ

2013ರಲ್ಲಿ ಕೆನಡಾದ ತಜ್ಞರು ರೂಪಿಸಿದ ಮಾರ್ಗಸೂಚಿ 18ರಿಂದ 64 ವರ್ಷದ, ಸೌಮ್ಯದಿಂದ ಮಧ್ಯಮ ಮಟ್ಟದ ತೊಂದರೆಯಿರುವ ವಯಸ್ಕರಿಗೆ ಕನಿಷ್ಠ ಪ್ರಮಾಣವೊಂದನ್ನು ಹೇಳಿತು. ವಾರಕ್ಕೆ ಎರಡು ದಿನ, ದಿನಕ್ಕೆ 30 ನಿಮಿಷ ಮಧ್ಯಮ ವೇಗದ ಏರೋಬಿಕ್ ಚಟುವಟಿಕೆ. ವಾರಕ್ಕೆ ಎರಡು ದಿನ ಮುಖ್ಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಒಂದೊಂದನ್ನೂ 10ರಿಂದ 15 ಸಲದಂತೆ ಎರಡು ಸುತ್ತು, ನಡುವೆ ಒಂದೆರಡು ನಿಮಿಷ ವಿರಾಮ. ಮಧ್ಯಮ ವೇಗವೆಂದರೆ ಮಾತಾಡಬಹುದು, ಆದರೆ ಹಾಡಲಾಗದು ಎಂಬಷ್ಟು ಏದುಸಿರು. ಬಲದ ವ್ಯಾಯಾಮಕ್ಕೆ ಯಂತ್ರ ಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ನೀರು ತುಂಬಿದ ಬಾಟಲಿ ಎತ್ತುವುದು ಸಾಕಾಗುತ್ತದೆ. ಯಾರಿಗೆ ಯಾವುದು ಎಂಬುದನ್ನು ಮಾತ್ರ ಫಿಸಿಯೋಥೆರಪಿಸ್ಟ್ ಒಮ್ಮೆ ನೋಡಿ ನಿರ್ಧರಿಸಬೇಕು.

2020ರಲ್ಲಿ ಅಮೆರಿಕದ ರಾಷ್ಟ್ರೀಯ ಎಂ.ಎಸ್. ಸೊಸೈಟಿ ಪ್ರಕಟಿಸಿದ ಶಿಫಾರಸುಗಳು ಇನ್ನೂ ಮುಂದೆ ಹೋದವು. ವಾರಕ್ಕೆ 150 ನಿಮಿಷ ಎಂಬ ಗುರಿ. ಅದು ವ್ಯಾಯಾಮವೇ ಆಗಬೇಕಿಲ್ಲ, ಮನೆಗೆಲಸ, ತೋಟದ ಕೆಲಸ, ಅಂಗಡಿಗೆ ನಡೆದು ಹೋಗುವುದೂ ಲೆಕ್ಕಕ್ಕೆ ಬರುತ್ತದೆ. ಇದು ನಮ್ಮ ಮಹಿಳೆಯರ ಮಟ್ಟಿಗೆ ದೊಡ್ಡ ಮಾತು. ಆ ಅತ್ತೆ ಪ್ರೀತಿಯಿಂದ ಕಿತ್ತುಕೊಂಡಿದ್ದ ಅಂಗಳ ಗುಡಿಸುವ ಕೆಲಸ ಸೊಸೆಯ ಪಾಲಿನ ಚಿಕಿತ್ಸೆಯೇ ಆಗಿತ್ತು. ಜೊತೆಗೆ ಈ ಶಿಫಾರಸುಗಳು ನಡೆಯಲಾರದವರನ್ನೂ ಒಳಗೊಂಡವು. ಗಾಲಿಕುರ್ಚಿಯಲ್ಲಿದ್ದವರು ಕೈಗಳಿಂದ ಪೆಡಲ್ ತಿರುಗಿಸಬಹುದು, ಹಾಸಿಗೆ ಹಿಡಿದವರಿಗೆ ಉಸಿರಾಟದ ವ್ಯಾಯಾಮ ಹಾಗೂ ಇತರರು ಕೈಕಾಲು ಬಿಡಿಸಿ ಮಡಿಚುವ ವ್ಯಾಯಾಮಗಳಿವೆ. ಕುಳಿತಿದ್ದೂ ಜಡರಾಗಿರದೆ ಇರಲು ಸಾಧ್ಯ.

ಸುಧಾರಣೆಯನ್ನು ತಿಳಿಯಲು ವೈದ್ಯರು ಬಳಸುವ ಒಂದು ಅಳತೆಯನ್ನು ಮನೆಯಲ್ಲಿಯೂ ಮಾಡಬಹುದು. ಸಮತಟ್ಟಾದ ನೆಲದಲ್ಲಿ 25 ಅಡಿ ಗುರುತು ಮಾಡಿ, ಬೀಳದಂತೆ ಎಷ್ಟು ವೇಗವಾಗಿ ಸಾಧ್ಯವೋ ಅಷ್ಟು ವೇಗವಾಗಿ ನಡೆಯಲು ಹಿಡಿದ ಸಮಯವನ್ನು ಬರೆದಿಡುವುದು. 20 ಶೇಕಡಾ ವ್ಯತ್ಯಾಸ ಕಂಡರೆ ಅದನ್ನು ಅರ್ಥವುಳ್ಳ ಬದಲಾವಣೆಯೆಂದು ಪರಿಗಣಿಸುತ್ತಾರೆ. ಹತ್ತು ಸೆಕೆಂಡಿನ ನಡಿಗೆ ಹನ್ನೆರಡಕ್ಕೆ ಏರಿದರೆ ವೈದ್ಯರಿಗೆ ತಿಳಿಸಬೇಕಾದ ವಿಷಯ. ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದ್ದರೆ ಈ ಲೆಕ್ಕವನ್ನು ಅದಕ್ಕೇ ಒಪ್ಪಿಸಬಹುದು. ನನ್ನ ವಿದ್ಯಾರ್ಥಿ ಅದನ್ನು ಗಣಿತದ ಗ್ರಾಫ್ ಹಾಳೆಯಲ್ಲಿ ಬಿಡಿಸಿ ತರುತ್ತಿದ್ದ.

ಬಿಸಿಲು, ಮಳೆ, ಬಚ್ಚಲು

ಊಟ್‌ಹೋಫ್ ಕಂಡ ಉಷ್ಣದ ತೊಂದರೆ ನಮ್ಮ ಭಾಗದಲ್ಲಿ ಪುಸ್ತಕದ ವಿಷಯವಲ್ಲ. ಆದೋನಿ, ರಾಯದುರ್ಗ, ಸೊಲ್ಲಾಪುರಗಳಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಮೀರುತ್ತದೆ. ಕಾಸರಗೋಡಿನಲ್ಲಿ ಅಷ್ಟು ಬಿಸಿಯಿಲ್ಲದಿದ್ದರೂ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರದೆ ದೇಹ ತಣಿಯುವುದಿಲ್ಲ. ನೀಲಗಿರಿಯವರಿಗೆ ಮಾತ್ರ ಈ ವಿಷಯದಲ್ಲಿ ಅದೃಷ್ಟ. ಉಳಿದೆಡೆ ವ್ಯಾಯಾಮಕ್ಕೆ ಸೂರ್ಯೋದಯದ ಆಸುಪಾಸಿನ ಹೊತ್ತೇ ಲೇಸು. ಫ್ಯಾನಿನ ಕೆಳಗೆ, ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಹತ್ತು ಹತ್ತು ನಿಮಿಷದ ತುಂಡುಗಳಾಗಿ ಮಾಡಬಹುದು. ನಡುನಡುವೆ ತಣ್ಣೀರು ಕುಡಿದರೆ ಉಷ್ಣ ತಡೆಯದ ರೋಗಿಗಳೂ ಬಿಸಿ ವಾತಾವರಣದಲ್ಲಿ ಹೆಚ್ಚು ಹೊತ್ತು ವ್ಯಾಯಾಮ ಮಾಡಬಲ್ಲರೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ತಣ್ಣೀರಿಗೆ ಖರ್ಚಿಲ್ಲ. ಆದರೆ ಪದೇ ಪದೇ ಮೂತ್ರ ಬರುವ ಭಯದಿಂದ ಎಷ್ಟೋ ರೋಗಿಗಳು ನೀರನ್ನೇ ಕುಡಿಯುವುದಿಲ್ಲ, ಹೊರಗೆ ಹೊರಡುವುದನ್ನೂ ಬಿಡುತ್ತಾರೆ. ಇದು ಔಷಧದಿಂದ ಹತೋಟಿಗೆ ತರಬಹುದಾದ ತೊಂದರೆ. ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಬೇಕು.

ಬೀಳುವುದು ಇನ್ನೊಂದು ಭಯ, ಅದು ಆಧಾರವಿಲ್ಲದ್ದೂ ಅಲ್ಲ. ಎಂ.ಎಸ್. ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೂರರಿಂದ ಆರು ತಿಂಗಳ ಅವಧಿಯಲ್ಲಿ ಒಮ್ಮೆಯಾದರೂ ಬೀಳುತ್ತಾರೆಂದು ಅಧ್ಯಯನಗಳು ಹೇಳುತ್ತವೆ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳ, ಒದ್ದೆ ಬಚ್ಚಲು, ಎತ್ತರದ ಹೊಸ್ತಿಲು, ಕುಕ್ಕರುಗಾಲಿನ ಪಾಯಿಖಾನೆ, ಇವು ನಮ್ಮ ಮನೆಗಳ ಅಪಾಯದ ತಾಣಗಳು. ಬಚ್ಚಲ ಗೋಡೆಗೆ ಒಂದು ಕಬ್ಬಿಣದ ಹಿಡಿ ಹಾಕಿಸಲು ಆಗುವ ಖರ್ಚು ಮುರಿದ ಸೊಂಟದ ಖರ್ಚಿನ ಎದುರು ಏನೂ ಅಲ್ಲ. ಬೀಳುವ ಭಯಕ್ಕೆ ನಡೆಯುವುದನ್ನೇ ನಿಲ್ಲಿಸಿದರೆ ಕಾಲಿನ ಬಲ ಇಳಿದು ಬೀಳುವ ಸಂಭವ ಹೆಚ್ಚುತ್ತದೆ. ಊರುಗೋಲು ಹಿಡಿಯಲು ನಾಚುವವರನ್ನು ನೋಡಿದ್ದೇನೆ, ಅದರಲ್ಲೂ ಯುವಕರನ್ನು. ಕೋಲು ಹಿಡಿದು ಮಾರ್ಗಕ್ಕೆ ಇಳಿದವನು ಕೋಲಿಲ್ಲದೆ ಮನೆಯಲ್ಲಿ ಕುಳಿತವನಿಗಿಂತ ಹೆಚ್ಚು ನಡೆಯುತ್ತಾನೆ.

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿದ 21 ವಿಧದ ವೈಕಲ್ಯಗಳ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರೆತ್ತಿಯೇ ಸೇರಿದೆ. ಇದು ಕೇಂದ್ರದ ಕಾಯಿದೆ. ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಗೋವಾ ಎಲ್ಲೆಡೆ ಒಂದೇ. 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವೆಂದು ಪ್ರಮಾಣಪತ್ರ ದೊರೆತವರು ಮೀಸಲಾತಿ ಮೊದಲಾದ ಸೌಲಭ್ಯಗಳಿಗೆ ಅರ್ಹರು. ಸರಕಾರಿ ಸೇವೆಯಲ್ಲಿರುವಾಗ ವೈಕಲ್ಯ ಬಂದ ನೌಕರರನ್ನು ಆ ಕಾರಣದಿಂದ ತೆಗೆದುಹಾಕುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ ಎಂದು 20ನೆಯ ಸೆಕ್ಷನ್ ಹೇಳುತ್ತದೆ. ಕೆಲಸಕ್ಕೆ ಬೇಕಾದ ಹೊಂದಾಣಿಕೆಗಳನ್ನು ಮಾಡಿಕೊಡಬೇಕೆಂದೂ ಹೇಳುತ್ತದೆ. ಶಿಕ್ಷಕರ ಮಟ್ಟಿಗೆ ಇದರ ಅರ್ಥ ನೆಲ ಅಂತಸ್ತಿನ ತರಗತಿ, ಬಿಸಿಲು ಬೀಳದ ಕೋಣೆ, ಹತ್ತಿರದ ಶೌಚಾಲಯ. ದೀರ್ಘ ರಜೆ ಹಾಕಿಸಿ ಮನೆಯಲ್ಲಿ ಕೂರಿಸುವುದು ಹೊಂದಾಣಿಕೆಯಲ್ಲ.

ಆ ಇಂಗ್ಲಿಷ್ ಹಾಳೆಯನ್ನು ಫಿಸಿಯೋಥೆರಪಿಸ್ಟರಿಗೆ ಫೋನು ಮಾಡಿ ಕೇಳುತ್ತ ಕನ್ನಡದಲ್ಲಿ ಬರೆಯಲು ಎರಡು ಸಂಜೆ ಹಿಡಿಯಿತು. ರೆಸ್ಟ್ ಎಂಬಲ್ಲಿ “ಎರಡು ನಿಮಿಷ ಕೂತು ಮತ್ತೆ ಏಳುವುದು” ಎಂದು ಬರೆದೆ. ಕೊನೆಗೆ ಮೂಲದಲ್ಲಿ ಇಲ್ಲದ, ಆದರೆ ಅವರು ಫೋನಿನಲ್ಲಿ ಒತ್ತಿ ಹೇಳಿದ ಒಂದು ಸೂಚನೆಯನ್ನು ಸೇರಿಸಿದೆ. ವ್ಯಾಯಾಮದ ಬಳಿಕ ಜೋಮು ಅಥವಾ ಮಸುಕು ಹೆಚ್ಚಾಗಿ, ತಣಿದು ಕುಳಿತ ಮೇಲೆ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಇಳಿದರೆ ಅದು ಉಷ್ಣದ್ದು, ಮರುದಿನ ಸ್ವಲ್ಪ ಕಡಿಮೆ ಮಾಡಿ ಮುಂದುವರಿಸಬಹುದು. ಜ್ವರವಿರುವ ದಿನ ವ್ಯಾಯಾಮ ಬೇಡ. ಜ್ವರವಿಲ್ಲದೆಯೂ ಹೊಸ ತೊಂದರೆ 24 ಗಂಟೆ ದಾಟಿ ಉಳಿದರೆ ಮರುಕಳಿಕೆಯಾಗಿರಬಹುದು. ಆಗ ಹಾಳೆಯನ್ನು ಬದಿಗಿಟ್ಟು ಮಂಗಳೂರಿನ ಬಸ್ಸು ಹತ್ತಬೇಕು, ವೈದ್ಯರು ನೋಡಿದ ಮೇಲೆ ಮತ್ತೆ ಮೊದಲ ಸಾಲಿನಿಂದ, ಅಂದರೆ ಬೆಂಚಿನಿಂದ ಐದು ಸಲ ಎದ್ದು ಕೂರುವುದರಿಂದ ಆರಂಭಿಸಬೇಕು.